ಬಾಯಿ ತೆರೆದ ನಾಯಿಯ ನಕ್ಷೆ

ಕೋಕ್-ಬೆಲ್ ಅನ್ನುವ ಊರೇ ಇಲ್ಲ ಅಂತ ಯಾರಾದರೂ ಅಂದರೆ ಅವರನ್ನು ಎಳೆತಂದು ಉಲ್ಕಾನಳ ಮುಂದೆ ನಿಲ್ಲಿಸಬೇಕು. ಹದಿನಾಲ್ಕು ಮನೆ, ಆರುನೂರು ಕುರಿ, ಕಲ್ಲಿನ ಸಂದಿಯಿಂದ ಬರುವ ಒಂದು ಬುಗ್ಗೆ, ಮೂರು ಹೊತ್ತೂ ಜಗಳ. ಇಷ್ಟೆಲ್ಲ ಇದ್ದೂ ಊರಿಲ್ಲ ಅಂದರೆ ಹೇಗೆ? ಆದರೆ ಆ ಬೇಸಿಗೆಗೆ ನಗರದ ಯಾವುದೋ ಆಫೀಸಿನವರು ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ ಕಣಿವೆಯ ನಕ್ಷೆಯಲ್ಲಿ ಕೋಕ್-ಬೆಲ್ ಇರಲಿಲ್ಲ. ಊರು ಇರಬೇಕಾದ ಜಾಗದ ಮೇಲೆ ಸರಿಯಾಗಿ ಒಂದು ಚೌಕ ಕೂತಿತ್ತು. ಯಾವ ಚಿತ್ರಕ್ಕೆ ಏನರ್ಥ ಅಂತ ತಿಳಿಸುವ ಚೌಕ. ಬಟ್ಟಲಿದ್ದರೆ ಚಹಾ ಸಿಗುತ್ತದೆ, ಕುದುರೆಯಿದ್ದರೆ ಸವಾರಿಗೆ ಕುದುರೆ ಸಿಗುತ್ತದೆ, ಕೆಂಪು ಶಿಲುಬೆಯಿದ್ದರೆ ಔಷಧಿ ಸಿಗುತ್ತದೆ, ಹೀಗೆ.

ಮೊದಮೊದಲು ಊರಿನವರು ನಕ್ಕರು. ಆಮೇಲೆ ನಕ್ಷೆಯನ್ನು ನೆಲಕ್ಕೆ ಹಾಸಿ, ಹುಲ್ಲುಕಡ್ಡಿ ಇಟ್ಟು ಅಳೆದು, ಯಾರ ಮನೆ ಯಾವ ಚಿತ್ರದ ಅಡಿಯಲ್ಲಿ ಬಂದಿದೆ ಅಂತ ಲೆಕ್ಕ ಹಾಕಿದರು. ಅಲ್ಲಿಗೆ ಊರು ಕೆಟ್ಟಿತು ನೋಡಿ. ಕುದುರೆಯ ಚಿತ್ರದಡಿ ಬಂದ ಜೋಲ್ಚು ಎದೆಯುಬ್ಬಿಸಿಕೊಂಡು ತಿರುಗತೊಡಗಿದ. ಅವನ ಹತ್ತಿರ ಇದ್ದದ್ದು ಒಂದು ಕತ್ತೆ ಮಾತ್ರ. ಶಿಲುಬೆಯಡಿ ಬಂದ ಮುದುಕಿ ಜಿಯ್ದೆಗುಲ್ ಹತ್ತಿರ ಜನ ಮಂಡಿನೋವು ಹೇಳಿಕೊಂಡು ಹೋಗಲು ಶುರುಮಾಡಿದರು. ಅವಳೂ ಸುಮ್ಮನಿರದೆ ಎಲ್ಲರಿಗೂ ಕುರಿಬಾಲದ ಕೊಬ್ಬು ಹಚ್ಚಿ ಕಳಿಸುತ್ತಿದ್ದಳು. ಗುಣವಾಯಿತು ಅಂತ ಇಬ್ಬರು ಆಣೆ ಮಾಡಿ ಹೇಳಿದರು ಬೇರೆ.

ಉಲ್ಕಾನಳ ಮನೆಯ ಮೇಲೆ ಬಂದದ್ದು ಕಕ್ಕಸಿನ ಗುರುತು.

ನಡುವೆ ಒಂದು ಗೆರೆ, ಆ ಕಡೆ ಒಬ್ಬ ಗಂಡಸು, ಈ ಕಡೆ ಒಬ್ಬಳು ಹೆಂಗಸು. ಉಲ್ಕಾನ್ ಮೊದಲಿಗೆ ಅದನ್ನು ತಾನು ಮತ್ತು ತನ್ನ ಗಂಡ ಅಂದುಕೊಂಡು ಹಿಗ್ಗಿದ್ದಳು. ನಿಜ ಸಂಗತಿಯನ್ನು ಅವಳಿಗೆ ತಿಳಿಸಿದವಳು ಓರಗಿತ್ತಿ ಬಾತ್ಮಾ. ಅದೂ ಎಲ್ಲಿ? ಜೂನ್ ತಿಂಗಳಲ್ಲಿ ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕುವ ಔತಣದಲ್ಲಿ, ಅರವತ್ತು ಜನರ ಎದುರಿಗೆ.

ಬಾತ್ಮಾ ಎಂದರೆ ಉಲ್ಕಾನಳ ಮೈದುನನ ಹೆಂಡತಿ. ಇಪ್ಪತ್ತಾರು ವರ್ಷ ಇಬ್ಬರೂ ಪಕ್ಕಪಕ್ಕದ ಮನೆಯಲ್ಲಿದ್ದು ಒಟ್ಟಿಗೆ ಉಣ್ಣೆ ಬಡಿದು, ತುಳಿದು, ಹಾಸು ಮಾಡಿದವರು. ಏಳು ವರ್ಷದ ಹಿಂದೆ ಜಗಳವಾಡಿ ಬಾತ್ಮಾ ಗಂಡನನ್ನು ಕರೆದುಕೊಂಡು ಕೆಳಗಿನ ತಾಶ್-ಬುಲಾಕ್‌ಗೆ ಇಳಿದುಬಿಟ್ಟಿದ್ದಳು. ಅಲ್ಲಿ ಅವಳದು ಅತಿಥಿಗೃಹ. ನಕ್ಷೆಯಲ್ಲಿ ತಾಶ್-ಬುಲಾಕ್‌ಗೆ ಕಡಲೆಕಾಳಿನಷ್ಟು ದೊಡ್ಡ ಚುಕ್ಕೆ ಇತ್ತು. ಹಾಗಾಗಿ ಬಂದ ಟೂರಿಸ್ಟುಗಳೆಲ್ಲ ಅವಳ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. ಮೇಲೆ ಉಲ್ಕಾನ್ ತನ್ನ ಮದುವೆಯಲ್ಲಿ ತವರಿಂದ ಬಂದ ಉಣ್ಣೆಗುಡಾರವನ್ನು ಅತಿಥಿಗಳಿಗೆಂದೇ ಹುಲ್ಲುಗಾವಲಲ್ಲಿ ಎತ್ತಿ ನಿಲ್ಲಿಸಿ ಮೂರು ಬೇಸಿಗೆಯಾಗಿತ್ತು. ಒಂದು ನರಪಿಳ್ಳೆಯೂ ಅದರಲ್ಲಿ ಮಲಗಿರಲಿಲ್ಲ.

"ಎಜೆ, ನಿಮ್ಮನೆ ಮೇಲೆ ಯಾವ ಗುರುತು ಬಂದಿದೆ ಗೊತ್ತಾ?" ಎಂದು ಬಾತ್ಮಾ ಔತಣದಲ್ಲಿ ಕೇಳಿದಳು. ಏಳು ವರ್ಷಕ್ಕೆ ಅವಳಾಡಿದ ಮೊದಲ ಮಾತು ಅದು. ಮಾತು ಬಿಟ್ಟರೂ ಉಲ್ಕಾನಳನ್ನು ಅಕ್ಕ ಅಂತ ಕರೆಯುವ ಅಭ್ಯಾಸ ಅವಳ ನಾಲಿಗೆ ಬಿಟ್ಟಿರಲಿಲ್ಲ. "ಕಕ್ಕಸು! ಇನ್ಮೇಲಾದ್ರೂ ಜನ ಬರ್ತಾರೆ ಬಿಡಿ, ಅರ್ಜೆಂಟಾಗಿ ಬರ್ತಾರೆ."

ಅರವತ್ತು ಜನರೂ ಕೈಯಲ್ಲಿದ್ದ ಮಾಂಸ ಕೆಳಗಿಟ್ಟು ನಕ್ಕರು. ತೊಟ್ಟಿಲಲ್ಲಿದ್ದ ಕೂಸು ಕೂಡ ನಕ್ಕಿತು ಅಂತ ಉಲ್ಕಾನ್ ಇವತ್ತಿಗೂ ಹೇಳುತ್ತಾಳೆ.

"ನೋಡ್ತಿರು," ಎಂದಳು ಉಲ್ಕಾನ್, ಕಿವಿಯೆಲ್ಲ ಕೆಂಪಾಗಿ. "ಕುರಿ ಬೆಟ್ಟ ಇಳಿಯೋದ್ರೊಳಗೆ ನನ್ನ ಗುಡಾರದಲ್ಲಿ ಅತಿಥಿ ಮಲಗದೆ ಹೋದ್ರೆ ಆ ಗುಡಾರ ನೀನೇ ಕಿತ್ಕೊಂಡು ಹೋಗು. ನಿನ್ನ ಅಂಗಳದಲ್ಲಿ ಊಟದ ಮನೆ ಮಾಡ್ಕೊ. ಹೋಗು!"

ಅಂದಮೇಲೆ ಆಡಿದ್ದಾಯಿತು. ಅರವತ್ತು ಜನ ಕೇಳಿಸಿಕೊಂಡ ಮಾತನ್ನು ನುಂಗುವುದಕ್ಕಾಗುತ್ತದೆಯೇ? ಮನೆಗೆ ಬರುವ ದಾರಿಯುದ್ದಕ್ಕೂ ಉಲ್ಕಾನ್ ತನ್ನ ನಾಲಿಗೆಗೆ ತಾನೇ ಶಾಪ ಹಾಕಿದಳು. ಆ ಗುಡಾರದ ಒಂದೊಂದು ಹಗ್ಗವನ್ನೂ ಅವಳ ತಾಯಿ ಕೂತು ಹೊಸೆದಿದ್ದಳು. ಕುರಿ ಇಳಿಯುವುದು ಸೆಪ್ಟೆಂಬರ್ ನಡುವಿಗೆ. ಮಧ್ಯೆ ಉಳಿದದ್ದು ಮೂರು ತಿಂಗಳು.

ಜುಲೈನಲ್ಲಿ ಇಬ್ಬರು ವಿದೇಶಿಯರು ಬಂದರು. ಬಂದೇಬಿಟ್ಟರು! ಕೆಂಪು ಮೂಗಿನ ಉದ್ದನೆಯ ಗಂಡ, ಟೋಪಿ ಹಾಕಿಕೊಂಡ ಕುಳ್ಳಗಿನ ಹೆಂಡತಿ. ಬೆಟ್ಟ ಹತ್ತಿಕೊಂಡು ಬರುತ್ತಿದ್ದವರನ್ನು ಕಂಡು ಉಲ್ಕಾನ್ ಕುದುರೆಹಾಲು ಹುಳಿಬರಿಸಿದ ಕುಮಿಸ್ ಕಡೆಯುವುದು ಬಿಟ್ಟು ಓಡಿದಳು. ಸೊಸೆ ಸೊನುನ್ ಶಾಲೆಯಲ್ಲಿ ಕಲಿತ ಮುರುಕು ಇಂಗ್ಲಿಷ್ ಹೊತ್ತು ಹಿಂದೆ ಓಡಿದಳು. ಗಂಡಸು ನಕ್ಷೆ ತೆಗೆದು ಒಂದು ಕಡೆ ಬೆರಳಿಟ್ಟು ತೋರಿಸಿದ. ಮುಖದಲ್ಲಿ ಬಹಳ ಅವಸರವಿತ್ತು.

"ಏನಂತೆ?" ಎಂದಳು ಉಲ್ಕಾನ್.

ಸೊನುನ್ ತುಟಿ ಕಚ್ಚಿಕೊಂಡಳು. "ಅಪಾ, ನೀವು ಬೈಬಾರ್ದು." ಅತ್ತೆಯನ್ನು ಅವಳು ಹೆತ್ತ ತಾಯಿಯ ಹಾಗೆ ಅಪಾ ಅಂತಲೇ ಕರೆಯುತ್ತಿದ್ದಳು.

"ಬೊಗಳೇ ಬೇಗ."

"ಮ್ಯಾಪಲ್ಲಿ ತೋರ್ಸಿದಾರಲ್ಲ ಕಕ್ಕಸು, ಅದು ಎಲ್ಲಿ ಅಂತ ಕೇಳ್ತಿದಾನೆ. ಎರಡು ಗಂಟೆಯಿಂದ ಹತ್ತಿದಾರಂತೆ, ಅದಕ್ಕೋಸ್ಕರವೇ."

ಇಬ್ಬರೂ ಒಬ್ಬರಾದ ಮೇಲೊಬ್ಬರು ಹೋಗಿ ಬಂದರು. ಎದೆ ಮುಟ್ಟಿಕೊಂಡು ವಂದನೆ ಹೇಳಿದರು. ಉಲ್ಕಾನ್ ಬಿಡುತ್ತಾಳೆಯೇ? ಎಳೆದು ಕೂರಿಸಿ ಕುಮಿಸ್ ಕುಡಿಸಿದಳು, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೋರ್ಸೋಕ್ ಮುಂದೆ ಸುರಿದಳು, ಗುಡಾರದ ಬಾಗಿಲು ಸರಿಸಿ ಹಾಸಿಗೆಗಳ ರಾಶಿ ತೋರಿಸಿ, ಕೆನ್ನೆಯಡಿ ಎರಡೂ ಕೈ ಜೋಡಿಸಿ ಗೊರಕೆ ಹೊಡೆದೂ ತೋರಿಸಿದಳು. ಹೆಂಗಸಿಗೆ ಆಸೆಯಾಯಿತು. ಗಂಡಸು ಮಾತ್ರ ನಕ್ಷೆ ನೋಡಿ ತಲೆಯಲ್ಲಾಡಿಸಿದ.

"ಇಲ್ಲಿ ಊರಿಲ್ಲವಂತೆ ಅಪಾ," ಎಂದಳು ಸೊನುನ್. "ಕತ್ತಲಾಗೋದ್ರೊಳಗೆ ಊರಿಗೆ ಹೋಗಿ ಸೇರ್ಬೇಕಂತೆ."

"ಮತ್ತೆ ಇದೇನಂತೆ? ನನ್ನ ತಲೆನಾ?" ಉಲ್ಕಾನ್ ಹದಿನಾಲ್ಕೂ ಮನೆಗಳತ್ತ ಕೈ ಬೀಸಿದಳು. ಗಂಡಸು ಮನೆಗಳನ್ನು ನೋಡಿದ. ನಕ್ಷೆಯನ್ನು ನೋಡಿದ. ಮತ್ತೆ ಮನೆಗಳನ್ನು ನೋಡಿದ. ಕೊನೆಗೆ, ಪಾಪ, ನಕ್ಷೆಯನ್ನೇ ನಂಬಿದ. ಇಬ್ಬರೂ ಕೆಳಗಿಳಿದು ಹೋದರು, ಬಾತ್ಮಾಳ ಮನೆಗೆ.

ಆ ಸಂಜೆ ಉಲ್ಕಾನ್ ಚಹಾ ಸುರಿದ ರಭಸಕ್ಕೆ ಬಟ್ಟಲುಗಳು ಬೆಚ್ಚಿಬಿದ್ದವು. ಗಂಡ ಶೆರ್ಗಾಜಿ ರೊಟ್ಟಿ ಮುರಿಯುತ್ತ ಸುಮ್ಮನೆ ಕೂತಿದ್ದ. ಅವನು ಸಾಮಾನ್ಯವಾಗಿ ಸುಮ್ಮನೆ ಕೂರುವ ಮನುಷ್ಯ. ಅದೊಂದು ಕೆಲಸವನ್ನು ಅವನಷ್ಟು ಚೆನ್ನಾಗಿ ಮಾಡುವವರು ಆ ಕಣಿವೆಯಲ್ಲಿ ಇನ್ನೊಬ್ಬರಿರಲಿಲ್ಲ.

"ಆ ಮ್ಯಾಪು ಬರೆದವನು ಯಾವತ್ತಾದ್ರೂ ಇಲ್ಲಿಗೆ ಬಂದಿದ್ನಾ?" ಎಂದಳು ಉಲ್ಕಾನ್.

"ಇಲ್ಲ."

"ನನ್ನ ಕೈಯಿಂದ ಒಂದು ಬಟ್ಟಲು ಚಹಾ ಕುಡಿದಿದ್ನಾ?"

"ಇಲ್ಲ ಬೈಬಿಚೆ." ಮನೆಯ ಯಜಮಾನಿಯನ್ನು ಗಂಡ ಹಾಗೇ ಕರೆಯಬೇಕು. ಕರೆಯದಿದ್ದರೆ ಉಲ್ಕಾನ್ ಓಗೊಡುತ್ತಿರಲಿಲ್ಲ.

"ಬರದೆ ಕುಡಿಯದೆ ಅವನು ಮಾಡಬಹುದಂತೆ. ಈ ಕಣಿವೇಲೇ ಹುಟ್ಟಿ ಇಲ್ಲೇ ಮುದುಕಿಯಾದ ನಾನು ಮಾಡಬಾರ್ದಾ? ನಾನು ಮಾಡ್ತೀನಿ ಮ್ಯಾಪು. ಶಿರ್ದಾಕ್ ಮೇಲೆ ಮಾಡ್ತೀನಿ. ಮಳೆಗೆ ನೆನೆಯೋದಿಲ್ಲ, ಗಾಳಿಗೆ ಹಾರೋದಿಲ್ಲ, ಸುಸ್ತಾದ್ರೆ ಅದರ ಮೇಲೆ ಮಲಗಬಹುದು. ಅವನ ಕಾಗದದ ಮೇಲೆ ಮಲಗ್ಲಿ ನೋಡೋಣ."

ಶಿರ್ದಾಕ್ ಎಂದರೆ ಅವರ ಮನೆಮನೆಯ ಚಿತ್ತಾರದ ಉಣ್ಣೆಹಾಸು. ಒಂದು ಬಣ್ಣದ ಹಾಸಿನಲ್ಲಿ ಚಿತ್ತಾರ ಕತ್ತರಿಸಿ ತೆಗೆದು, ಆ ಕಿಂಡಿಗೆ ಇನ್ನೊಂದು ಬಣ್ಣದ ಅದೇ ಆಕಾರದ ತುಂಡು ಕೂರಿಸಿ ಹೊಲಿಯುತ್ತಾರೆ. ಅದರಲ್ಲಿ ಉಲ್ಕಾನಳ ಕೈ ಎತ್ತಿದ ಕೈ. ಮರುದಿನವೇ ಅಂಗಳದಲ್ಲಿ ದೊಡ್ಡ ಹಾಸು ಹರಡಿ ಸೀಮೆಸುಣ್ಣ ಹಿಡಿದಳು. ನಿಯಮ ಸರಳವಾಗಿತ್ತು. ಒಳ್ಳೆಯದೆಲ್ಲ ಕೆಂಪು. ನೀರು ಬೆರೆಸದ ಹಾಲು, ಕರೆದು ಕೂರಿಸುವ ಮನೆ, ಕಚ್ಚದ ನಾಯಿ, ಕೂರಲು ಒಣಗಿದ ನೆಲ, ಇವೆಲ್ಲ ಕೆಂಪು. ಉಳಿದ ಪ್ರಪಂಚ ಬಿಳಿ. ಅಕ್ಷರ ಒಂದೂ ಇಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡುವ ಹಾಗಿಲ್ಲ, ಊರಿನಲ್ಲಿ ಅರ್ಧ ಮನೆಗಳು ಅಂಥವೇ. ಆಡಬಾರದ ಹೆಸರನ್ನು ನೆಲಕ್ಕೆ ಹಾಸುವ ಹಾಸಿನ ಮೇಲೆ ಬರೆಯುವುದುಂಟೇ?

"ಬೆಟ್ಟ ಎಲ್ಲಿ?" ಎಂದ ಶೆರ್ಗಾಜಿ, ಸ್ವಲ್ಪ ಹೊತ್ತು ನೋಡಿ.

"ಬೆಟ್ಟ ಎಲ್ಲರ ಕಣ್ಣಿಗೂ ಕಾಣುತ್ತೆ. ಅದನ್ನ ಯಾಕೆ ಹಾಕ್ಬೇಕು?"

"ನಮ್ಮ ಗುಡಾರ ಕೆರೆಗಿಂತ ದೊಡ್ಡದಾಗಿದೆ."

"ಕೆರೇಲಿ ಮಲಗೋಕಾಗುತ್ತಾ?"

ಶೆರ್ಗಾಜಿ ಯೋಚಿಸಿದ. ಆಗುವುದಿಲ್ಲ ಅನ್ನಿಸಿತು.

ಸುದ್ದಿ ಹರಡಿ ಊರಿಗೆ ಊರೇ ಅಂಗಳದಲ್ಲಿ ನೆರೆಯಿತು. ಜೋಲ್ಚು ಬಂದು ತನ್ನ ಕತ್ತೆಯನ್ನು ಹಾಕಲೇಬೇಕೆಂದು ಹಟ ಹಿಡಿದ. ಕತ್ತೆ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲವಲ್ಲ ಅಂದರೆ, "ಮೂರು ಕಡೆ ಹಾಕಿ, ಎಲ್ಲಾದ್ರೂ ಒಂದು ಕಡೆ ಇದ್ದೇ ಇರುತ್ತೆ" ಎಂದ. ಜಿಯ್ದೆಗುಲ್ ತನಗೆ ಗಂಡ ಮೊದಲ ಸಲ ಮುತ್ತಿಟ್ಟ ಬಂಡೆ ಬೇಕು ಎಂದಳು. ಆ ಬಂಡೆ ಎಲ್ಲಿದೆ ಅಂತ ಕೇಳಿದರೆ ನಾಚಿಕೊಂಡು ಹೇಳಲೊಲ್ಲಳು. ಮೊಬೈಲಿಗೆ ಸಿಗ್ನಲ್ ಸಿಗುವ ಒಂದೇ ಒಂದು ಕಲ್ಲನ್ನು, ಅದರ ಮೇಲೆ ಒಂಟಿಕಾಲಲ್ಲಿ ನಿಂತ ಮನುಷ್ಯನ ಸಮೇತ, ಎಲ್ಲರೂ ಒಪ್ಪಿ ಹಾಕಿಸಿದರು. ದಾರಿಯ ಉದ್ದವನ್ನು ಉಲ್ಕಾನ್ ಚಹಾದ ಬಟ್ಟಲುಗಳಲ್ಲಿ ಅಳೆದಳು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಮನೆಯವರು ಕೈ ಹಿಡಿದು ಎಳೆದು ಚಹಾ ಕುಡಿಸುತ್ತಾರೋ ಅಷ್ಟು ದೂರ.

ಕೊನೆಗೆ ತಾಶ್-ಬುಲಾಕ್ ಬಂತು. ಅಲ್ಲಿ ಉಲ್ಕಾನ್ ಏನನ್ನೂ ಹಾಕಲಿಲ್ಲ, ಬಿಳಿಯಾಗಿಯೇ ಬಿಟ್ಟಳು. ಆ ಬಿಳಿಯ ನಟ್ಟನಡುವೆ, ಕಪ್ಪು ಉಣ್ಣೆದಾರದಲ್ಲಿ ಹೊಲಿಯುವುದಕ್ಕೆಂದು, ಬಾಯಿ ತೆರೆದುಕೊಂಡ ಒಂದು ನಾಯಿಯ ಗೆರೆ ಎಳೆದಳು.

"ಬಾತ್ಮಾ ಮನೇಲಿ ನಾಯಿನೇ ಇಲ್ವಲ್ಲ?" ಎಂದ ಶೆರ್ಗಾಜಿ.

"ಅದು ಅವಳ ಮನೆ ನಾಯಿ ಅಂತ ಯಾರಂದ್ರು? ಅದು ಅವಳೇ." ಉಲ್ಕಾನ್ ನಾಯಿಯ ಮೂಗಿನ ಕೆಳಗೆ, ಬಲಕ್ಕೆ, ಒಂದು ಮಚ್ಚೆ ಇಟ್ಟಳು.

ಆಮೇಲೆ ಕತ್ತರಿಸುವ ಕೆಲಸ. ಬಿಳಿ ಹಾಸಿನ ಕೆಳಗೆ ಕೆಂಪು ಹಾಸು ಇಟ್ಟು, ಸೊಸೆ ಬಿಗಿಯಾಗಿ ಹಿಡಿದುಕೊಂಡಳು, ಅತ್ತೆ ಚೂರಿ ಹಾಕಿ ಎರಡನ್ನೂ ಒಟ್ಟಿಗೆ ಕೊಯ್ದಳು. ನಲವತ್ತು ವರ್ಷದಿಂದ ಅವಳು ಹಾಗೇ ಕೊಯ್ದವಳು, ಅವಳ ತಾಯಿಯೂ ಹಾಗೇ. ಒಂದೇ ಹಾಸನ್ನು ಒಂಟಿಯಾಗಿ ಕೊಯ್ಯುವುದು ಆ ಕಣಿವೆಯಲ್ಲಿ ಯಾರಿಗೂ ತೋಚದ ಮಾತು. ಇದು ಅಲಂಕಾರದ ಹಾಸಲ್ಲ, ನಕ್ಷೆ ಅನ್ನುವುದು ಅವಳ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಬಿಳಿಯ ಕಿಂಡಿಗೆ ಕೆಂಪು ತುಂಡು ಕೂತಿತು. ಉಳಿದ ಬಿಳಿಯ ತುಂಡುಗಳನ್ನು ಏನು ಮಾಡುವುದು? ಅವು ಕೆಂಪು ಹಾಸಿನ ಕಿಂಡಿಗಳಿಗೆ. ಅತ್ತೆ ಒಂದನ್ನು ಹೊಲಿದರೆ ಸೊಸೆ ಪಕ್ಕದಲ್ಲಿ ಕೂತು ನೋಡಿಕೊಂಡು ಇನ್ನೊಂದನ್ನು ಹೊಲಿದಳು, ನಾಯಿಯನ್ನೂ ಮಚ್ಚೆಯನ್ನೂ ಬಿಡದೆ. ನಾಲ್ಕು ವಾರ ಸೂಜಿ ನಿಲ್ಲಲಿಲ್ಲ. ಕೊನೆಯ ಹೊಲಿಗೆಯಾಗಿ ಎರಡನ್ನೂ ಬೇಲಿಯ ಮೇಲೆ ಅಕ್ಕಪಕ್ಕ ಹಾಕಿದಾಗ ಉಲ್ಕಾನ್ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು.

ಮೊದಲನೆಯದು ಹೇಳಿದ ಹಾಗೆ ಕೇಳಿತ್ತು. ಬಿಳಿ ಪ್ರಪಂಚದಲ್ಲಿ ಕೋಕ್-ಬೆಲ್ ಮಾತ್ರ ಕೆಂಪು. ಜೋಡಿಯಲ್ಲಿ ಎಲ್ಲವೂ ತಿರುವುಮುರುವು. ಇಡೀ ಪ್ರಪಂಚ ಕೆಂಪಗೆ, ತಾಶ್-ಬುಲಾಕ್ ಕೆಂಪಗೆ ಕಂಗೊಳಿಸುತ್ತ, ಭೂಮಿಯ ಮೇಲೆ ಹೋಗಬಾರದ ಜಾಗ ಎಂದರೆ ಒಂದೇ ಒಂದು, ಕೋಕ್-ಬೆಲ್. ಅದರಲ್ಲೂ ಮುಖ್ಯವಾಗಿ ಕೆರೆಗಿಂತ ದೊಡ್ಡದಾಗಿ ಬೆಳ್ಳಗೆ ಹೊಳೆಯುತ್ತಿರುವ ಉಲ್ಕಾನಳ ಗುಡಾರ.

"ಅಯ್ಯಯ್ಯೋ, ಇದನ್ನ ಸುತ್ತಿ ಎಲ್ಲಾದ್ರೂ ಬಿಸಾಕಿ!" ಎಂದು ಕೂಗಿದಳು. "ಯಾರ ಕಣ್ಣಿಗೂ ಬೀಳ್ಬಾರ್ದು!"

ಮರುದಿನ ಮಿನಿಬಸ್ ಓಡಿಸುವ ಕುಬಾತ್ ಬಂದ. ಒಳ್ಳೆಯ ನಕ್ಷೆಯನ್ನು ಜಿಲ್ಲಾ ಪಟ್ಟಣದ ಬಸ್ ನಿಲ್ದಾಣದ ಗೋಡೆಗೆ ನೇತುಹಾಕುವ ಜವಾಬ್ದಾರಿ ಅವನದು. ಉಲ್ಕಾನ್ ಅವನ ಕಿವಿ ಹಿಂಡುವುದೊಂದು ಬಾಕಿ. "ಕೆಂಪು ಒಳ್ಳೇದು, ಬಿಳಿ ಕೆಟ್ಟದ್ದು. ಬಂದವರಿಗೆಲ್ಲ ಹೇಳು. ಏನು? ಇನ್ನೊಂದ್ಸಲ ಹೇಳು."

"ಕೆಂಪು ಒಳ್ಳೇದು, ಬಿಳಿ ಕೆಟ್ಟದ್ದು. ನಂಗೇನು ಬುದ್ಧಿ ಇಲ್ವಾ ಎಜೆ?"

ಈ ಪ್ರಶ್ನೆಗೆ ಉತ್ತರ ಬೇಗನೆ ಸಿಕ್ಕಿತು. ಶಿರ್ದಾಕ್‌ಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಯಾವ ಕಡೆಯಿಂದ ಹಾಸಿದರೂ ಹಾಸೇ. ಕುಬಾತ್ ಅದನ್ನು ಗೋಡೆಗೆ ಉಲ್ಟಾ ಹೊಡೆದ. ಟೂರಿಸ್ಟುಗಳು ಬಂದರು, ಫೋಟೋ ತೆಗೆದುಕೊಂಡರು, ಕೆಂಪನ್ನು ಹುಡುಕಿಕೊಂಡು ಹೊರಟೂ ಹೊರಟರು. ಹೊರಟದ್ದು ಮಾತ್ರ ಸರಿಯಾಗಿ ವಿರುದ್ಧ ದಿಕ್ಕಿನ ಇನ್ನೊಂದು ಕಣಿವೆಗೆ. ಅಲ್ಲಿನ ಜನರಿಗೆ ತಲೆಬುಡ ಅರ್ಥವಾಗಲಿಲ್ಲ. ಯಾರೋ ಬರುತ್ತಾರೆ, ಕಚ್ಚದ ನಾಯಿ ಎಲ್ಲಿ ಎನ್ನುತ್ತಾರೆ, ಮೂರು ಕಡೆ ಕತ್ತೆ ಹುಡುಕುತ್ತಾರೆ, ಯಾವ ಕಲ್ಲು ಕಂಡರೂ ಹತ್ತಿ ಒಂಟಿಕಾಲಲ್ಲಿ ನಿಲ್ಲುತ್ತಾರೆ. ಆದರೂ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಚಹಾ ಕುಡಿಸಿದರು, ಮಲಗಿಸಿದರು. ನಕ್ಷೆ ಎಷ್ಟು ನಿಖರವಾಗಿದೆ ಅಂತ ಟೂರಿಸ್ಟುಗಳು ಹೊಗಳಿದ್ದೇ ಹೊಗಳಿದ್ದು.

ಇದೆಲ್ಲ ಕೋಕ್-ಬೆಲ್‌ಗೆ ತಿಳಿಯುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಕುಬಾತ್ ಬೆಪ್ಪನಂತೆ ಹಲ್ಲು ಕಿರಿಯುತ್ತ ಬಂದು ಹೇಳಿದಾಗ ಉಲ್ಕಾನ್ ಕೈಗೆ ಸಿಕ್ಕ ಸೌಟು ಎತ್ತಿಕೊಂಡು ಅವನನ್ನು ಬಸ್ಸಿನ ಸುತ್ತ ಎರಡು ಸುತ್ತು ಓಡಿಸಿದಳು. ಆಮೇಲೆ ಸುಸ್ತಾಗಿ ಗುಡಾರದ ಬಾಗಿಲಲ್ಲಿ ಕೂತಳು. ಬೆಟ್ಟದ ಮೇಲೆ ಕುರಿಗಳು ಆಗಲೇ ಒಟ್ಟುಗೂಡುತ್ತಿದ್ದವು, ನಾಳೆ ಇಳಿಯುತ್ತವೆ. ತಾಯಿ ಹೊಸೆದ ಹಗ್ಗವನ್ನು ಕೈಯಲ್ಲಿ ಹಿಡಿದು ಎಳೆದಳು. ಇನ್ನೂ ಗಟ್ಟಿಯಾಗಿತ್ತು. ಅವಳಿಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ.

"ಎಜೆ, ಇನ್ನೊಂದು ವಿಷಯ," ಎಂದ ಕುಬಾತ್, ಬಸ್ಸಿನ ಆ ಕಡೆಯಿಂದ. "ಇನ್ನೊಂದು ಹಾಸು ಕಳಿಸಿದ್ರಲ್ಲ, ಅದನ್ನ ಆವತ್ತೇ ಬಾತ್ಮಾ ಎಜೆಗೆ ಕೊಟ್ಟೆ. ಕೆಂಪು ಒಳ್ಳೇದು, ಬಿಳಿ ಕೆಟ್ಟದ್ದು ಅಂತ ಬಿಡಿಸಿ ಹೇಳ್ದೆ."

ಉಲ್ಕಾನಳ ಅಳು ಅಲ್ಲೇ ನಿಂತಿತು. "ಯಾವ ಹಾಸು? ಯಾರು ಕಳಿಸಿದ್ದು?"

ಶೆರ್ಗಾಜಿ ನಿಧಾನವಾಗಿ ಮೇಲೆದ್ದ. "ನಾನೇ. ಎಲ್ಲಾದ್ರೂ ಬಿಸಾಕು ಅಂದೆಯಲ್ಲ, ಮನಸ್ಸು ಬರ್ಲಿಲ್ಲ. ಇಪ್ಪತ್ತಾರು ವರ್ಷ ನೀವಿಬ್ರೂ ಹೊಲಿದಾಗೆಲ್ಲ ಒಂದು ನಿಂಗೆ, ಇನ್ನೊಂದು ಅವಳಿಗೆ. ಹೊತ್ಕೊಂಡು ಹೋಗಿ ಕೊಡ್ತಿದ್ದವನು ನಾನೇ ತಾನೇ. ಜೋಡಿ ಅವಳದು ಅಂತ ಕೊಟ್ಟೆ. ತಪ್ಪಾಯ್ತಾ?"

ಕೊಯ್ದವಳಿಗೆ ಒಂದು, ಹಿಡಿದುಕೊಂಡವಳಿಗೆ ಒಂದು. ಪದ್ಧತಿ ಇದ್ದದ್ದು ಹಾಗೆಯೇ, ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಓರಗಿತ್ತಿಯರ ಜಗಳ ಹುಟ್ಟಿದ್ದೂ ಅದರಿಂದಲೇ. ಕೊನೆಯ ಜೋಡಿಯಲ್ಲಿ ಕೆಂಪು ನೆಲದ್ದನ್ನು ಬಾತ್ಮಾ ತೆಗೆದುಕೊಂಡಳು, ಕಂದು ನೆಲದ್ದು ಉಲ್ಕಾನಳ ಪಾಲಿಗೆ ಉಳಿಯಿತು, ಒಳ್ಳೆಯದನ್ನು ಹೊಡೆದುಕೊಂಡಳು ಅಂತ ಒಂದು ಮಾತು ಬಂತು. ಅಷ್ಟೇ. ಅಷ್ಟಕ್ಕೇ ಏಳು ವರ್ಷ.

ಉಲ್ಕಾನ್ ಗಂಡನಿಗೆ ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಒಂದು ಕುದುರೆ ಕಾಣಿಸಿತು. ಮೇಲೆ ಕೂತಿದ್ದವಳು ಬಾತ್ಮಾ. ಜೀನಿನ ಹಿಂದೆ ಸುರುಳಿ ಸುತ್ತಿದ ಹಾಸು.

"ಬಂದ್ಲು," ಎಂದಳು ಉಲ್ಕಾನ್. "ಕುರಿ ಇಳಿಯೋವರೆಗೂ ತಾಳ್ಮೆ ಇಲ್ಲ. ಗುಡಾರ ಕೀಳೋಕೇ ಬಂದ್ಲು."

ಬಾತ್ಮಾ ಇಳಿದಳು. ಏದುಸಿರು ಬಿಡುತ್ತ ಯಾರನ್ನೂ ಮಾತಾಡಿಸದೆ ಹಾಸನ್ನು ತಂದು ಗುಡಾರದ ಮುಂದಿನ ಹುಲ್ಲಿನ ಮೇಲೆ ಬಿಡಿಸಿದಳು. ಕೆಂಪು ಪ್ರಪಂಚ ಹರಡಿಕೊಂಡಿತು. ಅವಳ ಕಣ್ಣಲ್ಲಿ ನೀರಿತ್ತು.

"ನನ್ನೂರನ್ನ ಕೆಂಪಗೆ ಮಾಡಿದೀರಿ," ಎಂದಳು. "ನಿಮ್ಮನ್ನ ನೀವೇ ಬಿಳಿ ಮಾಡ್ಕೊಂಡಿದೀರಿ. ಎಜೆ, ನಿಮ್ಮ ಮನಸ್ಸು ಎಷ್ಟು ದೊಡ್ಡದು!"

ಶೆರ್ಗಾಜಿಗೆ ಸುಳ್ಳು ಆಗಿಬರುವುದಿಲ್ಲ. "ಅಲ್ಲ ತಂಗಿ, ಅದು ಹಾಗಲ್ಲ, ಇನ್ನೊಂದಿದೆಯಲ್ಲ, ಅದರಲ್ಲಿ..." ಎನ್ನುವಷ್ಟರಲ್ಲಿ ಉಲ್ಕಾನ್ ಒಂದು ಇಡೀ ಬೋರ್ಸೋಕ್ ಅವನ ಬಾಯಿಗೆ ತುರುಕಿದಳು.

ಬಾತ್ಮಾ ಇಬ್ಬರನ್ನೂ ನೋಡಿದಳು. ತುಟಿಯ ಕೊನೆ ಅದುರಿತು. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಸಾಕು ಬಿಡಿ! ಅವರ ಗಂಟಲಿಗೆ ಸಿಕ್ಕೊಳ್ಳುತ್ತೆ! ಇಪ್ಪತ್ತಾರು ವರ್ಷ ನಿಮ್ಮ ಚೂರಿ ಕೆಳಗೆ ಹಾಸು ಹಿಡಿದವಳು ನಾನು. ಜೋಡಿ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ? ಇದರಲ್ಲಿ ನಾನು ಕೆಂಪಾದ್ರೆ ಅದರಲ್ಲಿ ಬಿಳಿ. ನೋಡಿದ ತಕ್ಷಣ ಗೊತ್ತಾಯ್ತು. ಅದೂ ಸಾಲ್ದು ಅಂತ ಈ ನಾಯಿ!" ಬಾಗಿ ನಾಯಿಯ ಮೂಗಿನ ಕೆಳಗೆ ಬೆರಳಿಟ್ಟಳು. ಅದೇ ಬೆರಳನ್ನು ತನ್ನ ಮೂಗಿನ ಕೆಳಗಿನ ಮಚ್ಚೆಗೆ ತಂದಳು. "ನಂಗೆ ಇಷ್ಟು ದೊಡ್ಡ ಬಾಯಿನಾ?"

"ಸ್ವಲ್ಪ ಚಿಕ್ಕದಾಗೇ ಹಾಕಿದೀನಿ," ಎಂದಳು ಉಲ್ಕಾನ್. ಸಿಕ್ಕಿಬಿದ್ದ ಮೇಲೆ ಇನ್ನೇನು?

"ಅಂಥ ಕೋಪ ಬಂತು, ಸುಟ್ಟುಬಿಡೋಣ ಅಂತ ಒಲೆ ಹತ್ರ ತಗೊಂಡು ಹೋದೆ. ಆಮೇಲೆ ಅನ್ನಿಸ್ತು, ಬೈದಿದ್ರೇನು, ಜೋಡಿ ಕಳಿಸಿದ್ರಲ್ಲ ಅಂತ. ಏಳು ವರ್ಷದಲ್ಲಿ ನಾನು ಒಂದೂ ಹಾಸು ಮಾಡಿಲ್ಲ ಎಜೆ. ಎದುರಿಗೆ ಹಿಡ್ಕೊಳ್ಳೋರು ಯಾರಿದಾರೆ ಅಲ್ಲಿ? ಆವತ್ತಿನ ಆ ಕಂದು ನೆಲದ್ದು ಎಷ್ಟು ಚೆನ್ನಾಗಿತ್ತು, ಅದನ್ನ ನೀವಿಟ್ಕೊಂಡ್ರಿ ಅಂತ ಎಷ್ಟು ಅತ್ತಿದೀನಿ!"

"ಕಂದು ನೆಲದ್ದಾ? ನೀನು ಕೆಂಪು ನೆಲದ್ದು ಹೊಡ್ಕೊಂಡೆ ಅಂತ ನಾನು ಅತ್ತಿದ್ದು!"

ಇಬ್ಬರೂ ಒಬ್ಬರ ಮುಖ ಒಬ್ಬರು ಮಿಕಮಿಕ ನೋಡಿದರು. ಸೊನುನ್ ಒಳಗೆ ಓಡಿಹೋಗಿ ದಿಂಬು ಬಾಯಿಗೊತ್ತಿಕೊಂಡು ನಕ್ಕಳು.

ಬಾತ್ಮಾ ಕಣ್ಣೊರೆಸಿಕೊಂಡು ಗುಡಾರದೊಳಗೆ ನುಗ್ಗಿ, ಹಾಸಿಗೆಯ ರಾಶಿಯಿಂದ ಒಂದನ್ನು ಎಳೆದು ಹಾಸಿದಳು. "ಇವತ್ತು ನಾನಿಲ್ಲೇ ಮಲಗ್ತೀನಿ. ಕುರಿ ನಾಳೆ ತಾನೇ ಇಳಿಯೋದು? ಅತಿಥಿ ಮಲಗಿದ ಹಾಗಾಯ್ತು, ಗುಡಾರ ನಿಮಗೇ ಉಳೀತು. ಅರವತ್ತು ಜನಕ್ಕೂ ನಾನೇ ಹೇಳ್ತೀನಿ."

ಉಲ್ಕಾನ್ ಬಾಗಿಲಲ್ಲೇ ನಿಂತಳು. ಗುಡಾರ ಉಳಿಯಿತು. ಸುಮ್ಮನೆ ಹೂಂ ಅಂದರೆ ಮುಗಿಯಿತು. ಆದರೆ ಬಾತ್ಮಾ ಅತಿಥಿ ಅಂತ ಹೂಂ ಅನ್ನಬೇಕು. ಮದುವೆಯಾಗಿ ಬಂದಾಗ ಹಾಲು ಕರೆಯಲು ಬಾರದ ಹುಡುಗಿ, ಉಲ್ಕಾನಳ ಹೆರಿಗೆಯಲ್ಲಿ ರಾತ್ರಿಯಿಡೀ ಕೈ ಹಿಡಿದು ಕೂತವಳು, ಅತಿಥಿ. ಮೂರು ತಿಂಗಳಿಂದ ಒಬ್ಬ ಅತಿಥಿಗಾಗಿ ಜೀವ ಬಿಟ್ಟವಳಿಗೆ ಈಗ ಆ ಮಾತು ಒಪ್ಪಿಗೆಯಾಗಲಿಲ್ಲ.

"ನೀನು ಅತಿಥಿ ಅಲ್ಲ ಕಣೆ," ಎಂದಳು. "ಮನೆಯವಳು ಮಲಗಿದ್ರೆ ಅದು ಲೆಕ್ಕಕ್ಕಿಲ್ಲ."

"ಏಳು ವರ್ಷ ಹೊಸ್ತಿಲು ತುಳೀದೆ ಇದ್ದವಳು ಮನೆಯವಳು ಹೇಗಾಗ್ತೀನಿ? ಅತಿಥಿನೇ."

"ಅಲ್ಲ ಅಂದ್ನಲ್ಲ. ಮಾತು ಮಾತೇ. ನಾಳೆ ಗುಡಾರ ಬಿಚ್ಚಿ ಕೊಡ್ತೀನಿ, ತಗೊಂಡು ಹೋಗು." ಉಲ್ಕಾನ್ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಬಾತ್ಮಾ ಹಾಸಿಗೆಯ ಮೇಲೆ ಕೂತು ಅವಳನ್ನೇ ನೋಡಿದಳು. ಈ ಸಲದ ಕಣ್ಣೀರು ನಾಟಕದ್ದಲ್ಲ.

"ಸರಿ, ನಾನು ಮನೆಯವಳೇ," ಎಂದಳು. "ಗುಡಾರಾನೂ ನಂದೇ. ನನ್ನ ಗುಡಾರ ಎಲ್ಲಿರ್ಬೇಕು ಅಂತ ಹೇಳೋದು ನಾನು. ಇಲ್ಲೇ ಇರುತ್ತೆ. ಒಂದು ಹಗ್ಗ ಮುಟ್ಟಿದ್ರೆ ನೋಡಿ."

ಬಾಯಿ ಖಾಲಿ ಮಾಡಿಕೊಂಡ ಶೆರ್ಗಾಜಿ ಇದನ್ನೆಲ್ಲ ಲೆಕ್ಕ ಹಾಕಿ ನೋಡಿದ. ಯಾರು ಗೆದ್ದರು ಅಂತ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಬೋರ್ಸೋಕ್ ಎತ್ತಿಕೊಂಡ.

ಆಮೇಲೆ ಚಹಾ ಕುಡಿಯುತ್ತ ಬಾತ್ಮಾ ತನ್ನ ಚೀಲದಿಂದ ಅಚ್ಚಿನ ನಕ್ಷೆಗಳ ಒಂದು ಕಟ್ಟು ತೆಗೆದಳು. ಅವಳ ಅತಿಥಿಗೃಹದಲ್ಲಿ ಟೂರಿಸ್ಟುಗಳಿಗೆ ಕೊಡಲು ಇಟ್ಟಿದ್ದ ನಕ್ಷೆಗಳವು. ಅಷ್ಟರಲ್ಲೂ ಆ ಚೌಕವನ್ನು ಹಾಸು ಕೊಯ್ಯುವ ಚೂರಿಯಿಂದ ಅಂದವಾಗಿ ಕತ್ತರಿಸಿ ತೆಗೆದಿದ್ದಳು. ಬಟ್ಟಲು, ಕುದುರೆ, ಶಿಲುಬೆ, ಕಕ್ಕಸು ಏನೂ ಇಲ್ಲ. ಬರೀ ತೂತು.

"ಎಜೆ, ನೀವು ಊರು ತೋರ್ಸಿದ್ರಿ, ಜನ ಬೇರೆ ಕಡೆ ಹೋದ್ರು. ನಾನು ತೂತು ತೋರ್ಸಿದ್ದು ಅಷ್ಟೇ. ಈ ತೂತಲ್ಲಿ ಏನಿದೆ, ಈ ತೂತಲ್ಲಿ ಏನಿದೆ ಅಂತ ನಿನ್ನೆಯಿಂದ ನನ್ನ ತಲೆ ತಿಂತಿದಾರೆ. ಒಂಬತ್ತು ಜನ. ನಾಳೆ ಬೆಳಿಗ್ಗೆ ಹತ್ತಿ ಬರ್ತಾರೆ."

ಮರುದಿನ ಒಂದು ಕಡೆಯಿಂದ ಕುರಿ ಇಳಿದವು, ಇನ್ನೊಂದು ಕಡೆಯಿಂದ ಒಂಬತ್ತು ಜನ ಹತ್ತಿದರು. ದಿಣ್ಣೆಯ ಮೇಲೆ ಸಾಲಾಗಿ ನಿಂತು, ನಕ್ಷೆಯನ್ನು ಮುಖದ ಮುಂದೆ ಹಿಡಿದು, ತೂತಿನಲ್ಲಿ ಒಂದೊಂದು ಕಣ್ಣಿಟ್ಟು ಕೋಕ್-ಬೆಲ್ ನೋಡಿದರು. ಹದಿನಾಲ್ಕು ಮನೆಯೂ ತೂತಿನೊಳಗೆ ಸರಿಯಾಗಿ ಕೂತವು. ಜೋಲ್ಚು ತನ್ನ ಕತ್ತೆಯನ್ನು ಅವಸರವಾಗಿ ಮೂರು ಕಡೆ ಓಡಿಸಿದ.

ಗುಡಾರದಲ್ಲಿ ಜಾಗ ಸಾಲದೆ ನಾಲ್ವರನ್ನು ಜಿಯ್ದೆಗುಲ್ ಮನೆಗೆ ಕಳಿಸಬೇಕಾಯಿತು. ಮಂಡಿ ನೋಯುತ್ತದೆ ಅಂದವನಿಗೆ ಅವಳು ಕೊಬ್ಬು ಹಚ್ಚಿದಳು.

ಕುಬಾತ್ ಬಸ್ ನಿಲ್ದಾಣದ ಹಾಸನ್ನು ಬಿಚ್ಚಿ ತಂದುಕೊಟ್ಟ. ಉಲ್ಕಾನ್ ಅದನ್ನು ಮಡಿಲಿಗೆ ಎಳೆದುಕೊಂಡು ಕೂತಳು, ಎದುರಿಗೆ ಬಾತ್ಮಾ ಬಿಗಿಯಾಗಿ ಹಿಡಿದುಕೊಂಡಳು. ತಾಶ್-ಬುಲಾಕಿನ ಬಿಳಿಯನ್ನು ಕೆಂಪು ಮಾಡೋಣವೇ ಅಂತ ಉಲ್ಕಾನ್ ಕೇಳಿದ್ದಳು. ಬಾತ್ಮಾ ಬೇಡ ಅಂದಿದ್ದಳು. ಇದನ್ನು ಕೆಂಪು ಮಾಡಿದರೆ ಜೋಡಿಯಲ್ಲಿ ಬಿಳಿ ಮಾಡಬೇಕಾಗುತ್ತದೆ, ಆ ಕೆಂಪನ್ನು ತಾನು ಕೊಡುವುದಿಲ್ಲ ಅಂತ. ಹಾಗಾಗಿ ಉಲ್ಕಾನ್ ಸೂಜಿಗೆ ಕೆಂಪು ದಾರ ಪೋಣಿಸಿಕೊಂಡು ನಾಯಿಯ ಬಾಯನ್ನು ಮಾತ್ರ ಹೊಲಿಯತೊಡಗಿದಳು.

"ಪೂರ್ತಿ ಮುಚ್ಚಬೇಡಿ ಎಜೆ," ಎಂದಳು ಬಾತ್ಮಾ. "ಚಹಾ ಕುಡಿಯೋಕೆ ಸ್ವಲ್ಪ ಬಿಡಿ."

ಉಲ್ಕಾನ್ ಎರಡು ಹೊಲಿಗೆಯಷ್ಟು ಜಾಗ ಬಿಟ್ಟು ದಾರ ಕಚ್ಚಿ ಕತ್ತರಿಸಿದಳು.